ಟ್ರಾನ್ಸಿಸ್ಟರ್

ಗುಳೇದಗುಡ್ಡದ ನಮ್ಮ ಓಣ್ಯಾಗ
ರೇಡಿಯೋ ಇದ್ದದ್ದು ಒಂದ ಮನ್ಯಾಗ,
ಹುಚ್ಚೇಶಪ್ಪನ ಮನ್ಯಾಗ.
ಅಂವ ಕೊಂಡದ್ದಲ್ಲ. ಕೊಟ್ಟದ್ದು.

ಆ ಮುಂಜಾನೆ ಸುದ್ದಿಗೆ
ಓಣಿ ಮಗ್ಗ ಒಂದೊಂದ ನಿಂತವು.
ನಾ ಕಂಡಕಿ ಸುತ್ತೋ ಹುಡುಗ,
ಸಪ್ಪಳ ಇಲ್ಲದ ಓಣಿ ಗೊತ್ತ ಇರಲಿಲ್ಲ ನನಗ.
ಯಾರೋ ಸತ್ತಿರಬೇಕು ಅನ್ಕೊಂಡು
ಎಲ್ಲಾರ ಹಿಂದ ಓಡಿದೆ.

ಹುಚ್ಚೇಶಪ್ಪ ಕುಣ್ಯಾಗ ಕುಂತು ನೇಯಾಕತ್ತಿದ್ದ.
'ನಿಲ್ಲಸೋ ಮಾರಾಯಾ, ಕೇಳವಲ್ತು' ಅಂದ್ರು.
ಲಾಳಿ ಆ ಕಡೆ ಹೋತು, ಈ ಕಡೆ ಬಂತು.
ಎರಡು ಬಡತದ ನಡುವಿನ ಸಂದ್ಯಾಗ
ಇಮಾಮಸಾಬ ಕಿವಿ ಹಚ್ಚಿ ಹಿಡದ:

'ಬಿತ್ತಂತ.'
'ಏನು?'
'ದಿಲ್ಲ್ಯಾಗಿಂದು.'
ಅಷ್ಟ. ಹೆಸರು ಹಚ್ಚಿ ಹೇಳಾಕ
ನಾಲಿಗಿ ಇನ್ನೂ ಒಲ್ಲೆ ಅಂತಿತ್ತು.
ಇಪ್ಪತ್ತೊಂದು ತಿಂಗಳ ರೂಢಿ,
ಮೊದಲ ಬಾಗಲ ಕಡೆ ನೋಡೂದು,
ಆಮ್ಯಾಲ ಮಾತಾಡೂದು.

ಗೌರವ್ವ ಸಕ್ಕರಿ ಡಬ್ಬಿ ತಂದ್ಲು.
ಹಂಚಲಿಲ್ಲ. ಸೆರಗಿನಾಗ ಹಿಡಕೊಂಡು ನಿಂತ್ಲು,
ಮೊದಲ ಯಾರರೆ ನಗಲಿ ಅಂತ.
ಸೊಸೈಟಿ ಕಾರಕೂನ ಗೋಡಿ ಮ್ಯಾಲಿನ ಪಟ ಇಳಿಸಿ
ಕಪಾಟಿನ ಹಿಂದ ಸರಿಸಿದ,
ಮೊಳಿ ಮಾತ್ರ ಕೀಳಲಿಲ್ಲ.
'ಇರಲಿ ಬಿಡ್ರಿ' ಅಂದ,
'ನಾಳೆ ಯಾರಿಗರೆ ಬೇಕಾದೀತು.'
ಮೊನ್ನೆ ಮುದ್ರಿ ಒತ್ತುವಾಗ
ನಮ್ಮ ಓಣಿ ಕೈ ಯಾವ ಕಡೆ ವಾಲಿತ್ತು,
ಅದನ್ನಂತೂ ಯಾರೂ ಎತ್ತಲಿಲ್ಲ.

ಅಷ್ಟೊತ್ತಿಗೆ ಪೇಢೆ ಪೊಟ್ಟಣ ಹಿಡಕೊಂಡು
ಕಂಪೌಂಡರ್ ಗಲಗಲಿ ಬಂದ.
ಹ್ವಾದ ವರ್ಷ ಸಂತಿ ದಿನ
ಬಸ್‌ಸ್ಟ್ಯಾಂಡಿನಾಗ ಜೀಪು ನಿಲ್ಲಿಸಿ
ತಲಿ ಎಣಿಸಿದಾಂವ.
ಕೋಟಾಕ್ಕ ಎರಡು ಕಮ್ಮಿ ಬಿದ್ದಿದ್ವು.
ನೂಲು ತರಾಕ ಹೋದ ಹುಚ್ಚೇಶಪ್ಪ,
ಇಪ್ಪತ್ನಾಕರ ಹರೇದಾಂವ,
ಕಮತಗಿಯೊಳಗ ಹೆಣ್ಣು ಗೊತ್ತಾಗಿತ್ತು,
ಮೂರನೇ ದಿನಕ್ಕ ಮನಿಗೆ ಬಂದ,
ಕಾಲು ಅಗಲ ಇಟಗೋತ,
ಬಗಲಾಗ ಈ ಟ್ರಾನ್ಸಿಸ್ಟರ್.
ಹೆಣ್ಣಿನವ್ರು ಸೀರಿ ಹೊಳ್ಳಿ ಕಳಿಸಿದ್ರು.

ಗಲಗಲಿ ಎಲ್ಲಾರಿಗೂ ಕೊಟ್ಟ.
ತಿಂದ್ವಿ.
ಸಿಹಿ, ಸಿಹೀನ ಇತ್ತು.
ಕುಣಿ ಕಡೆ ಬಗ್ಗಿ ಕೈ ಚಾಚಿದ:
'ತಗೋ ಹುಚ್ಚೇಶಾ, ಕೆಟ್ಟ ಕಾಲ ಹೋತು.'

ಲಾಳಿ ಬಿಡಲಿಲ್ಲ ಅಂವ. ತಲಿ ಎತ್ತಲಿಲ್ಲ.
'ಸಾಹೇಬ್ರ, ಈ ರೇಡಿಯೋ ಹೊಳ್ಳಿ ಕೊಟ್ರ
ಅದನ್ನ ಹೊಳ್ಳಿ ಕೊಡ್ತಾರೇನ್ರಿ?'

ಯಾರೋ ನಕ್ರು.
ಗೌರವ್ವ ಕಾಯಾಕತ್ತಿದ್ದ ನಗು ಅದಲ್ಲ,
ಡಬ್ಬಿ ಮುಚ್ಚಳ ಒತ್ತಿ ಮುಚ್ಚಿದ್ಲು.
ಗಲಗಲಿ ಕೈಯಾಗಿನ ಪೇಢೆ
ಮಗ್ಗದ ದಂಡಿಮ್ಯಾಲ ಇಟ್ಟು ಹ್ವಾದ.
ರೇಡಿಯೋದಾಗ ಯಾವದೋ ಊರಿನ ಹವಾಮಾನ ಬಂತು,
ಆಮ್ಯಾಲ ಬರೇ ಗೊರಗೊರ.
ಸಂಜೀಮಟ ಆ ಪೇಢೆಗೆ ಇರಿವಿ ಸಾಲು.
ನಾ ನೋಡೀನಿ.

ಊರಾಗ ರಾತ್ರಿ ಪಟಾಕಿ ಹಾರಿದ್ವು,
ಹಲಗಿ ಬಾರಿಸಿದ್ರು, ಗುಲಾಲು ಉಗ್ಗಿದ್ರು,
ಜೇಲಿನಿಂದ ಬಂದ ಮಾಸ್ತರನ್ನ ಹೆಗಲಮ್ಯಾಲ ಹೊತ್ರು.
ಖರೇನ ಕುಣದೀವಿ. ಸುಳ್ಳಲ್ಲ.

ಶನಿವಾರ ಸಾವ್ಕಾರ ಖಣ ಎಣಿಸುವಾಗ
ಓಣಿ ಎಲ್ಲಾರದೂ ಒಂದೊಂದು ಕಮ್ಮಿ.
ಹುಚ್ಚೇಶಪ್ಪಂದು
ಬರೋಬ್ಬರಿ.