ಕೊನೆಯ ಕಂತು

ಕರೆಂಟು ಹೋದದ್ದು ಸರಿಯಾಗಿ, ನೌಕೆ
ಕಪ್ಪು ಸೂರ್ಯನ ಕಡೆ ತಿರುಗಿದಾಗ.
ಕೋಡಿಬಾಗಕ್ಕೆಲ್ಲ ಕತ್ತಲೆ. ಮರುಪ್ರಸಾರ ಇಲ್ಲ.

ಬೆಳಿಗ್ಗೆ ಬಾಂದೇಕರನ ಸೈಬರ್ ಅಂಗಡಿ,
ತಾಸಿಗೆ ನಲವತ್ತು. ಮೋಡೆಮ್ಮು ಕೆಮ್ಮಿ, ಕಿರುಚಿ,
ಕೊನೆಗೂ ಒಪ್ಪಿತು.
"ನಿನ್ನೆಯ ಕಂತು ಯಾರಾದರೂ ನೋಡಿದಿರಾ?
ಕ್ಯಾಪ್ಟನ್ ಉಳಿದಳಾ?"
ಬಂಗಡೆಯ ದುಡ್ಡು ನಿಮಿಷ ನಿಮಿಷಕ್ಕೆ ಕರಗುತ್ತಿತ್ತು.

ಉತ್ತರ ಬಂತು, ಎಲ್ಲಿಯದೋ ಹಿಮದೂರಿನಿಂದ.
ಹೆಸರು: ಧೂಮಕೇತು ನಲವತ್ತೊಂದು.
ಅವನೋ ಅವಳೋ,
ನಿದ್ದೆಗೆಟ್ಟು ಇಡೀ ಕಂತನ್ನು
ನನಗೊಬ್ಬಳಿಗೆ ಟೈಪಿಸಿದ ಜೀವ,
ಬಾಗಿಲು ಹೇಗೆ ಉಸ್ಸೆಂದಿತು ಎಂಬುದನ್ನೂ ಬಿಡದೆ.

"ಆಗ ಅವಳು ತಿರುಗಿ"

ಅಲ್ಲಿಗೆ ಲೈನು ಕಟ್ಟು.

ಖಾಲಿ ಚೀಲ ನೋಡಿ ಆಯಿ: "ಮೀನೆಲ್ಲಿ?"
"ಆಯಿ, ಅವಳು ತಿರುಗಿದಳು."
"ಯಾರು, ತಾಂಡೇಲರ ಶೇವಂತಿಯಾ?
ತಿರುಗಿ ಬತ್ತಾಳೆ ಅಂತ ನಂಗೊತ್ತಿತ್ತು."

ಆ ಮಧ್ಯಾಹ್ನ ಬರೀ ಗಂಜಿ, ಉಪ್ಪಿನಕಾಯಿ.
ಇಬ್ಬರೂ ಖುಷಿಯಲ್ಲೇ ಉಂಡೆವು.