ಬೈರಿಗೆ

ಶಿರಿಯದ ಅಳಿವೆಯಲ್ಲಿ ನೀರಿಳಿದಾಗ
ಮೊಣಕಾಲುದ್ದ ಬಾಗಿ ಅಪ್ಪಿಯಕ್ಕ
ಬೆರಳಿಂದ ಮರುವಾಯಿ ಹುಡುಕುತ್ತಾಳೆ.
ಕಣ್ಣು ಬೇಡ ಅದಕ್ಕೆ. ಕಣ್ಣು ರೈಲು ಸೇತುವೆಯ ಮೇಲೆ:
ಮಂಗಳೂರಿನ ಲೋಕಲ್ ಹೋದ ಹಿಂದೆಯೇ
ಅಂದುಂಞಿಯ ಗಾಡಿ ಬರಬೇಕು.

ಕೆಲವು ಚಿಪ್ಪು ಹಗುರ. ಮುಚ್ಚಿಯೇ ಉಂಟು,
ಒಳಗೆ ಮಾತ್ರ ಯಾರೂ ಇಲ್ಲ.
ತಿರುಗಿಸಿದರೆ ಕೀಲಿನ ಹತ್ತಿರ ಒಂದು ತೂತು,
ಎಳ್ಳಿಗಿಂತ ದೊಡ್ಡದು, ಹೆಸರುಕಾಳಿಗಿಂತ ಸಣ್ಣದು,
ಹೊರಗೆ ಅಗಲ, ಒಳಗೆ ಕಿರಿದು,
ಅಂಚಿನಲ್ಲಿ ಒಂದು ಸಿಬಿರೂ ಇಲ್ಲ.
"ಇವತ್ತೂ ನನಗಿಂತ ಮೊದಲು ಎದ್ದಿದ್ದಾನೆ," ಎನ್ನುತ್ತಾಳೆ.
"ಬೈರಿಗೆ."

ಅವಳು ಇಟ್ಟ ಹೆಸರು ಅದು. ನನ್ನ ಹತ್ತಿರ
ಪುಸ್ತಕದ ಹೆಸರಿತ್ತು, ಚಂದ್ರಶಂಖ ಅಂತ. ಹೇಳಿದೆ.
ಹುಣ್ಣಿಮೆಗೆ ನೀರು ಎಷ್ಟು ಇಳಿಯುತ್ತದೋ
ಅಷ್ಟು ಚಂದ್ರ ನನಗೆ ಗೊತ್ತುಂಟು, ಸಾಕು, ಎಂದಳು.

ಹಿಡಿದೂ ತೋರಿಸಿದಳು ಒಮ್ಮೆ. ಮರಳಿನಲ್ಲಿ
ಇಲಿ ನೆಲದಡಿ ನಡೆದಂತೆ ಉಬ್ಬಿದ ಗೆರೆ;
ಗೆರೆ ಮುಗಿದಲ್ಲಿ ಅಗೆದರೆ ಉರುಟು ಚಿಪ್ಪು,
ಎಣ್ಣೆ ಹಚ್ಚಿ ಒರೆಸಿದ ನುಣುಪು,
ಮಗುವಿನ ನೆತ್ತಿಯಲ್ಲಿರುವಂಥ ಒಂದೇ ಸುಳಿ.
ಅದನ್ನು ತುಂಬಿ ಹೊರಗೂ ಚೆಲ್ಲಿದ್ದ ಮಾಂಸ
ಅಂಗೈ ಮುಟ್ಟಿದ್ದೇ ತಡ
ನೀರು ಕಕ್ಕಿ, ಮಡಚಿ ಮಡಚಿ ಒಳಗೆ ಸೇರಿ
ಬಾಗಿಲು ಹಾಕಿಕೊಂಡಿತು.
ಅಷ್ಟು ಮೆತ್ತಗಿನದು.
ಕೊರೆಯುವುದು ನಾಲಿಗೆಯಿಂದ, ಎಂದೆ.
ಒಂದು ಮರುವಾಯಿಗೆ ಒಂದು ಹಗಲು, ಒಂದು ರಾತ್ರಿ.
"ನಮ್ಮ ಅತ್ತೆಯೂ," ಎಂದು ಶುರುಮಾಡಿ
ಅಪ್ಪಿಯಕ್ಕ ಯಾಕೋ ನಿಲ್ಲಿಸಿದಳು.

ಗಟ್ಟಿಯವು ಅಂದುಂಞಿಗೆ, ಕಿಲೋ ಲೆಕ್ಕ.
ತೂತಿನವು ಅವಳಿಗೆ. ಬಲೆಯ ನೂಲಲ್ಲಿ ಪೋಣಿಸಿ
ಅಲಸಂಡೆ ಚಪ್ಪರಕ್ಕೆ ಕಟ್ಟಿದ್ದಾಳೆ. ಗಾಳಿಗೆ ಟಿಕಿಟಿಕಿ.
ಗಿಳಿ ಮೊದಲು ಹೆದರುತ್ತಿತ್ತು,
ಈಗ ಅದರ ಮೇಲೆಯೇ ಕೂರುತ್ತದೆ.

ಕೊರೆಯುವ ಸದ್ದು ಮರುವಾಯಿಗೆ ಕೇಳುತ್ತದೆಯೇ?
ಕಿವಿ ಎಲ್ಲುಂಟು ಅದಕ್ಕೆ, ಎಂದಳು.
ಆಮೇಲೆ, ಗೋಣಿಯ ಬಾಯಿ ಕಟ್ಟುತ್ತ:
"ಕಿವಿ ಇಲ್ಲದಿದ್ದರೂ ಗೊತ್ತಾಗುತ್ತದೆ ಮಾರಾಯ್ತಿ."

ನಿನ್ನೆ ಕಾಲಿಗೆ ಸಿಕ್ಕಿದ್ದು ಒಂದು ಮರಳಿನ ಬಳೆ,
ಹರಿದ ಅಂಗಿಯ ಕಾಲರಿನ ಹಾಗೆ.
ಬಿಸಿಲಿಗೆ ಹಿಡಿದರೆ ಮರಳಿನ ನಡುನಡುವೆ
ಸಣ್ಣ ಸಣ್ಣ ಬೆಳಕು. ಅದರ ಮೊಟ್ಟೆ.
ಸಾವಿರ ಬೈರಿಗೆ.
ಪುಡಿಮಾಡಿ ಎಸೆಯಬಹುದಿತ್ತು;
ಅವಳ ಪಾಲನ್ನೇ ತಿನ್ನುವವರು.
ರೈಲು ಹೋಯಿತು. ದಂಡೆಯಲ್ಲಿ ಅಂದುಂಞಿಯ ಹಾರ್ನ್.
ಗೋಣಿ ಇಳಿಸಿ, ನೀರು ನಿಂತ ಗುಂಡಿ ಹುಡುಕಿ,
ಬಳೆಯನ್ನು ಅದರಲ್ಲಿಟ್ಟು
"ನಾಳೆ ನಾನು ಬೇಗ ಬರುತ್ತೇನೆ," ಎಂದಳು,
ನನಗಲ್ಲ.