ಆಚೆ ಬದಿಗೆ ಸಿಗ್ನಲ್

ಮೂವತ್ತೊಂದು ವರ್ಷ ನಾನು
ವಾಲ್ಪರೈಸೊದ ಗುಡ್ಡದ ಮೇಲಕ್ಕೆ ಜನರನ್ನು
ಉಕ್ಕಿನ ಹಗ್ಗ ಕಟ್ಟಿ ಎಳೆದವನು.
ಬಂಡಿಗೆ ಏನಾಗಿದೆಯೆಂದು ಕಿವಿಗೇ ತಿಳಿಯುತ್ತಿತ್ತು:
ರಾಟೆ ಕಿರುಗುಟ್ಟಿದರೆ ಗ್ರೀಸು,
ನಡುವೆ ಜಗ್ಗಿದರೆ ಹಗ್ಗದಲ್ಲೊಂದು ಎಳೆ ಹರಿದಿದೆ.
ಈ ಪೆಟ್ಟಿಗೆಗೆ ಹಗ್ಗವಿಲ್ಲ, ರಾಟೆಯಿಲ್ಲ.
ಎರಡು ಕೊಂಬು, ಐದು ಹಸಿರು ದೀಪ.
ಐದೂ ಉರಿಯುತ್ತವೆ. ಬರುವುದು ಮಾತ್ರ ಬರುವುದಿಲ್ಲ.

ಬರುವುದಿಲ್ಲ ಅಂದರೆ, ನನಗೆ ಬರುತ್ತದೆ,
ಅಡುಗೆಮನೆಯಲ್ಲಂತೂ ಧಾರಾಳ.
ಗೋಡೆಯಾಚೆ ನೆಲಿಡಾಗೆ ಬರುವುದಿಲ್ಲ.
ತಮ್ಮ ಎಲೆಯುತೇರಿಯೊನ ಮಗಳು,
ಅವನು ಹೋದಮೇಲೆ ಆ ಅರ್ಧ ಮನೆಗೆ ಬಂದವಳು.
ಬಿಲ್ಲಿನಲ್ಲೂ ಅರ್ಧ ಅವಳದೇ,
ಐದನೇ ತಾರೀಕಿಗೆ ಬಾಗಿಲ ಸಂದಿಯಿಂದ
ಲಕೋಟೆ ಒಳಗೆ ಜಾರುತ್ತದೆ.

ಕಿವಿ ಕೇಳದ ಮಕ್ಕಳಿಗೆ
ಕೈಯಲ್ಲಿ ಮಾತಾಡಲು ಕಲಿಸುತ್ತಾಳೆ, ಪರದೆಯ ಮೇಲೆ.
ಮೊನ್ನೆ 'ಸಮುದ್ರ' ಅನ್ನಲು ಹೊರಟ ಕೈ
ಎದೆಯ ಮಟ್ಟದಲ್ಲೇ ನಿಂತುಹೋಯಿತಂತೆ.
ಆ ಕಡೆಯ ಹುಡುಗ ಕಾದ, ಕಾದ,
ಎದ್ದು ಹೋದ.

ಸಹಾಯವಾಣಿಯ ಹುಡುಗ ಹೇಳಿದ:
ಆರಿಸಿ, ಮೂವತ್ತು ಎಣಿಸಿ, ಹಚ್ಚಿ.
ನಾನು ನಲವತ್ತು ಎಣಿಸಿದೆ, ಇರಲಿ ಅಂತ.
ಚಾನೆಲ್ ಬದಲಿಸಿ ಅಂದ. ಒಂದರಿಂದ ಹನ್ನೊಂದಕ್ಕೆ ಹೋದೆ.
ಫೋನು ತೆರೆದರೆ ಇಡೀ ಗುಡ್ಡ ಸಾಲಾಗಿ ನಿಂತಿತ್ತು:
ಪಾದ್ರಿಮನೆ, ಮೀನಂಗಡಿ ಎರಡು,
'ಕದ್ದರೆ ಕೈ ಮುರಿದೀತು' ಅಂತ ಇನ್ಯಾರದೋ.
ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲಿಟ್ಟೆ,
ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಪೆಟ್ಟಿಗೆ,
ದೇವರ ಉತ್ಸವ ಮಾಡಿದ ಹಾಗೆ.
"ಇಳಿಸು, ಬಿದ್ದೀಯ" ಅಂದಳು ಎರ್ಮೆಲಿಂದಾ.

ಅವಳೇ ಫೋನು ಹಿಡಿದು ನಡೆದಳು, ಹೆಜ್ಜೆಗೊಂದು ವರದಿ:
ಮೂರು ಗೆರೆ. ಮೂರು. ಎರಡು.
ಗಡಿಯಾರದ ಹತ್ತಿರ, "ಇಲ್ಲಿ ಸತ್ತಿತು ನೋಡು."
ಇನ್ನೊಂದು ಕೈಯಲ್ಲಿ ಫ್ರಿಜ್ಜಿನಿಂದ ಕಿತ್ತ ಬಿಲ್ಲು,
ಬಿಲ್ಲಿನ ಜೊತೆ ಬಂದ ಅನಾನಸ್ ಅಯಸ್ಕಾಂತ.
ಎಲ್ಲಿಡುವುದೆಂದು ತಿಳಿಯದೆ
ಹೂವಿನ ಕಾಗದ ಅಂಟಿಸಿದ ಗೋಡೆಗೇ ಒತ್ತಿದಳು.

ನಿಂತಿತು.

ಕಾಗದಕ್ಕೆ ಕಚ್ಚುವ ಅಯಸ್ಕಾಂತ ನಾನು ಕಂಡಿರಲಿಲ್ಲ.
ಕಂಡಿರಲಿಲ್ಲ ಅನ್ನುವುದು ಸುಳ್ಳು. ಮರೆತಿದ್ದೆ.
ಅಪ್ಪನ ದೋಣಿಯ ಮೋಟರನ್ನು
ನನ್ನನ್ನು ಕೇಳದೆ ತಮ್ಮ ಮಾರಿದ ಚಳಿಗಾಲ,
ನಾವಿಬ್ಬರೂ ಎಣ್ಣೆ ಸೀಗೆಕಾಯಿ.
ಅವನ ಕೆಮ್ಮೂ ಕೇಳಬಾರದೆಂದು
ಚಾವಣಿಗೆ ಹೊದಿಸಿ ಉಳಿದ ತಗಡನ್ನು
ಒಂದೇ ರಾತ್ರಿ ಈ ಹಲಗೆಗೆ ಬಡಿದೆ.
ಎರ್ಮೆಲಿಂದಾ ಆಮೇಲೆ ಹೂವು ಹಚ್ಚಿದಳು.
ಕೆಮ್ಮು ಕೇಳುತ್ತಲೇ ಇತ್ತು, ಅದು ಬೇರೆ ಮಾತು.

ತಗಡು ದಾಟಲ್ಲ ತಾತ, ಅಂದ ಹುಡುಗ.
ತೂತು ಹೊಡೆದು ಕೇಬಲ್ ಎಳೆಯಿರಿ,
ಆಚೆಗೂ ಒಂದು ಪೆಟ್ಟಿಗೆ ಇಡಿ.
ಡ್ರಿಲ್ಲು ಹಿಡಿದರೆ ಕೈಗೆ ಹಳೆಯ ಕಸುಬು ನೆನಪಾಗುತ್ತದೆ.
ಮೊದಲು ಹೂವಿನ ಚೂರು, ಆಮೇಲೆ ತಗಡಿನ ಸುರುಳಿ,
ಆಮೇಲೆ ಪೈನ್ ಮರದ ಪುಡಿ, ಹಳದಿ, ಇನ್ನೂ ವಾಸನೆಯಿದೆ.
ಮುಗಿಯಿತು ಅನ್ನುವಷ್ಟರಲ್ಲಿ
ಮತ್ತೆ ಕೀಚ್ ಎಂದಿತು.
ಮತ್ತೆ ಬೆಳ್ಳಗಿನ ಸುರುಳಿ.

ಅವನ ಬದಿಯಿಂದ ಅವನೂ ಬಡಿದಿದ್ದ.

ಆ ರಾತ್ರಿ ನಾನು ಸುತ್ತಿಗೆ ನಿಲ್ಲಿಸಿದಾಗಲೆಲ್ಲ
ಕ್ಷಣ ಬಿಟ್ಟು ಒಂದು ಸದ್ದು ಬರುತ್ತಿತ್ತು,
ಖಾಲಿ ಕೋಣೆ, ಪ್ರತಿಧ್ವನಿ ಅಂದುಕೊಂಡಿದ್ದೆ.

ಕೇಬಲ್ಲು ತೂರಿಸಿದೆ. ಆಚೆಯಿಂದ ಯಾರೋ ಜಗ್ಗಿದರು,
ಹಗ್ಗ ಜಗ್ಗಿದರೆ ನನಗೆ ಗೊತ್ತಾಗದೇ?
"ದೊಡ್ಡಪ್ಪ, ಸಾಕು," ಅಂದಳು ನೆಲಿಡಾ,
ಮತ್ತೆ ಸ್ವಲ್ಪ ಹೊತ್ತಿಗೆ, "ಬಂತು."
ಹೋಗಿ ನೋಡಿದೆ. ಪರದೆಯಲ್ಲಿ ಹಲ್ಲು ಬಿದ್ದ ಹುಡುಗ,
ಇವಳ ಕೈ ಎದೆಯಿಂದ ಏಳುತ್ತ, ಹರಡುತ್ತ, ತೊನೆಯುತ್ತ
ಪೂರ್ತಿ ಹೋಯಿತು.

ತೂತು ಕೇಬಲ್ಲಿಗಿಂತ ತುಸು ದೊಡ್ಡದಾಗಿದೆ.
ಸಂಜೆ ಅದರಿಂದ ಅವಳ ಈರುಳ್ಳಿ ಒಗ್ಗರಣೆಯ ವಾಸನೆ.
ಬಟ್ಟೆ ತುರುಕು, ಜಿರಲೆ ಬರುತ್ತೆ, ಅನ್ನುತ್ತಾಳೆ ಎರ್ಮೆಲಿಂದಾ.
ನಾಳೆ ನೋಡೋಣ ಅಂದಿದ್ದೇನೆ.